ದೋಣಿಯ ಟ್ರೇಲರ್‌ಗೆ ತೊಳೆಯುವ ಪಂಪು, ಪೈಪು ಕೂರಿಸಿದರೆ ಉಪ್ಪುನೀರಿನ ತುಕ್ಕು ನಿಲ್ಲುತ್ತದೆಯೇ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಬ್ರಿಸ್ಬೇನಿನ ಸ್ಪ್ರಿಂಗ್‌ಫೀಲ್ಡ್ ಕಡೆ ಟೌನ್‌ಹೌಸಿನಲ್ಲಿ ಮನೆ. ಟ್ರೇಲರ್ ನಿಲ್ಲಿಸುವುದು ಬಾಡಿಗೆಯ ಸ್ಟೋರೇಜ್ ಯಾರ್ಡಿನಲ್ಲಿ, ಅಲ್ಲಿ ನಲ್ಲಿಯೇ ಇಲ್ಲ. 4.8 ಮೀಟರಿನ ಅಲ್ಯೂಮಿನಿಯಂ ದೋಣಿ, ಕೇಬಲ್ ಎಳೆದು ಹಿಡಿಯುವ ಡಿಸ್ಕ್ ಬ್ರೇಕಿನ ಗ್ಯಾಲ್ವನೈಸ್ಡ್ ಟ್ರೇಲರ್. ವೆಲಿಂಗ್ಟನ್ ಪಾಯಿಂಟಿನ ರ‍್ಯಾಂಪಿನಲ್ಲಿ (ದೋಣಿ ಇಳಿಸುವ ಇಳಿಜಾರು) ಮೋರ್ಟನ್ ಕೊಲ್ಲಿಗೆ ಇಳಿಸುತ್ತೀರಿ. ಕೊಂಡು ವರ್ಷವಾಗುವ ಮೊದಲೇ ಬ್ರೇಕಿನ ಸುತ್ತ ಕೆಂಪು ತುಕ್ಕು ಕಾಣಿಸಿದೆ. ಟ್ರೇಲರ್ ಮೇಲೆಯೇ ಟ್ಯಾಂಕು, 12 ವೋಲ್ಟಿನ ಪಂಪು, ಚೌಕಟ್ಟಿನ ಉದ್ದಕ್ಕೂ ನಾಜಲ್ ಇರುವ ತೊಳೆಯುವ ಕಿಟ್ ಹಾಕಿಸಿದರೆ ಪ್ರಯೋಜನ ಉಂಟೇ, ಹಣ ದಂಡವೇ ಎಂದು ಕೇಳಿದ್ದೀರಿ.

ದಂಡವಲ್ಲ, ನಿಮ್ಮ ಪರಿಸ್ಥಿತಿಯಲ್ಲಿ ಹಾಕಿಸಲೇಬೇಕು. ಆದರೆ ಜಾಹೀರಾತಿನಲ್ಲಿ ತೋರಿಸುವ ಹಾಗೆ ಇಡೀ ಟ್ರೇಲರಿಗೆ ಸ್ನಾನ ಮಾಡಿಸಲು ಅಲ್ಲ, ಎರಡು ಚಕ್ರಗಳ ಒಳಮೈ ಮತ್ತು ಸ್ಪ್ರಿಂಗುಗಳಿಗೆ ಮಾತ್ರ. ಟ್ಯಾಂಕು, ಪಂಪು ಕಾರಿನಲ್ಲಿರಲಿ, ಟ್ರೇಲರಿನ ಮೇಲೆ ಬೇಡ. ನಾನು ಇದೇ ಊರಿನ ಒಂದು ವರ್ಕ್‌ಶಾಪಿನಲ್ಲಿ ದೋಣಿ ಟ್ರೇಲರ್‌ಗಳ ಬ್ರೇಕು, ಆಕ್ಸಲ್ ಕೆಲಸ ಮಾಡುವವನು. ಏನು ಕೆಡುತ್ತದೆ, ಯಾಕೆ ಕೆಡುತ್ತದೆ ಅನ್ನುವುದನ್ನು ದಿನವೂ ಬಿಚ್ಚಿ ನೋಡುವುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ರ‍್ಯಾಂಪಿನಿಂದ ಮೇಲೆ ಬಂದು ಒಂದು ಗಂಟೆ ಹೆದ್ದಾರಿಯಲ್ಲಿ ಓಡಿದರೆ ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ಒಣಗಿತಲ್ಲ, ಇನ್ನೇನು ತೊಂದರೆ ಎಂದುಕೊಳ್ಳುವವರು ಬಹಳ. ಮಳೆಗಾಲದಲ್ಲಿ ಅಡುಗೆಮನೆಯ ಕಲ್ಲುಪ್ಪಿನ ಭರಣಿ ತಾನಾಗಿಯೇ ನೀರು ಬಿಡುತ್ತದಲ್ಲ, ಟ್ರೇಲರಿನ ಸಂದುಗಳಲ್ಲಿ ಆಗುವುದೂ ಅದೇ. ಗಾಳಿಯ ತೇವಾಂಶ ಶೇ 75ರ ಹತ್ತಿರ ಬಂದರೆ ಅಡುಗೆ ಉಪ್ಪು ನೀರು ಹೀರಿ ಕರಗತೊಡಗುತ್ತದೆ. ಸಮುದ್ರದ ಉಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಕೂಡ ಇರುವುದರಿಂದ ಅದಕ್ಕಿಂತ ಎಷ್ಟೋ ಕಡಿಮೆ ತೇವದಲ್ಲೇ ಒದ್ದೆಯಾಗುತ್ತದೆ. ಬ್ರಿಸ್ಬೇನಿನ ಬೇಸಿಗೆಯ ರಾತ್ರಿಗಳು ಹೇಗಿರುತ್ತವೆ ಎಂದು ನಿಮಗೇ ಗೊತ್ತು. ಅಂದರೆ ನೀವು ನೀರಿಗೆ ಇಳಿಸದ ವಾರಗಳಲ್ಲೂ, ಯಾರ್ಡಿನಲ್ಲಿ ಸುಮ್ಮನೆ ನಿಂತ ಟ್ರೇಲರ್ ರಾತ್ರಿ ರಾತ್ರಿ ಉಪ್ಪುನೀರಿನಲ್ಲಿ ನೆನೆಯುತ್ತಲೇ ಇರುತ್ತದೆ. ಆ ಒದ್ದೆಯಲ್ಲಿ ವಿದ್ಯುತ್ ಸಲೀಸಾಗಿ ಹರಿಯುತ್ತದೆ, ಕ್ಲೋರೈಡ್ ಲೋಹದ ಮೇಲಿನ ರಕ್ಷಣೆಯ ಪದರವನ್ನು ಒಡೆಯುತ್ತದೆ, ತುಕ್ಕು ವೇಗ ಹಿಡಿಯುತ್ತದೆ. ಆದ್ದರಿಂದ ಉಪ್ಪು ಒಣಗಿ ಗಟ್ಟಿ ಕೂರುವ ಮೊದಲೇ, ರ‍್ಯಾಂಪಿನ ಪಕ್ಕದಲ್ಲೇ ಸಿಹಿನೀರು ಬಿಡುವುದು ಮುಖ್ಯ. ತೊಳೆಯುವ ಕಿಟ್ಟಿನ ಬೆಲೆಯೆಲ್ಲ ಇರುವುದು ಈ ಸಮಯದಲ್ಲಿ.

ಗ್ಯಾಲ್ವನೈಸ್ ಆಗಿದೆಯಲ್ಲ ಎಂದು ನೀವು ಕೇಳಬಹುದು. ಉಕ್ಕನ್ನು ಕರಗಿದ ಸತುವಿನಲ್ಲಿ ಅದ್ದಿ ತೆಗೆದಾಗ ದಪ್ಪ ಉಕ್ಕಿನ ಮೇಲೆ ಸುಮಾರು 85 ಮೈಕ್ರಾನ್, ತೆಳುವಾದುದರ ಮೇಲೆ 55ರಿಂದ 70 ಮೈಕ್ರಾನ್ ಸತುವಿನ ಪದರ ನಿಲ್ಲಬೇಕು ಎಂದು ಮಾನದಂಡವಿದೆ. ಸತು ತಾನು ಕರಗುತ್ತಾ ಉಕ್ಕನ್ನು ಉಳಿಸುತ್ತದೆ. ಚೌಕಟ್ಟಿನ ಮಟ್ಟಿಗೆ ಇದು ಚೆನ್ನಾಗಿಯೇ ಕೆಲಸ ಮಾಡುತ್ತದೆ, ಹಾಗಾಗಿ ಚೌಕಟ್ಟಿನ ಹೊರಮೈ ಬಗ್ಗೆ ನಾನು ಹೆಚ್ಚು ತಲೆ ಕೆಡಿಸಿಕೊಳ್ಳುವುದಿಲ್ಲ. ಒಂದರ ಮೇಲೊಂದು ಉಜ್ಜುವ ಭಾಗಗಳಲ್ಲಿ ಮಾತ್ರ ಸತು ನಿಲ್ಲುವುದಿಲ್ಲ. ಬ್ರೇಕ್ ಡಿಸ್ಕಿನ ಮೇಲೆ ಪ್ಯಾಡ್ ಉಜ್ಜುವ ಜಾಗದ ಸತು ಮೊದಲ ಕೆಲವು ಓಡಾಟಗಳಲ್ಲೇ ಹೋಗಿ ಬೋಳು ಬೀಡುಕಬ್ಬಿಣ ಉಳಿಯುತ್ತದೆ. ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಲೀಫ್ ಸ್ಪ್ರಿಂಗಿನಲ್ಲಿ, ಆ ಪಟ್ಟಿಗಳ ನಡುವೆಯೂ ಅದೇ ಕಥೆ.

ಸ್ಪ್ರಿಂಗ್ ಕಟ್ಟನ್ನು ಬಿಚ್ಚಿದಾಗ ಕಾಣುವುದನ್ನು ಹೇಳಿದರೆ ನಿಮಗೆ ಅಂದಾಜಾಗುತ್ತದೆ. ಹೊರಗಿನಿಂದ ನೋಡಿದರೆ ಬೂದು ಬಣ್ಣ, ಅಂಚಿನಲ್ಲಿ ಕಂದು ಗೆರೆ ಮಾತ್ರ. ಸ್ಪ್ರಿಂಗನ್ನು ಆಕ್ಸಲಿಗೆ ಬಿಗಿಯುವ ಯು-ಬೋಲ್ಟ್ ಕತ್ತರಿಸಿ, ಮಧ್ಯದ ಬೋಲ್ಟ್ ತೆಗೆದು ಪಟ್ಟಿಗಳನ್ನು ಬೇರ್ಪಡಿಸಿದರೆ ನಡುವಿನಿಂದ ತುಕ್ಕು ಹಾಳೆ ಹಾಳೆಯಾಗಿ ಬೆಂಚಿನ ಮೇಲೆ ಉದುರುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಪಟ್ಟಿಗಳ ತುದಿಗಳು ಒಂದನ್ನೊಂದು ದೂಡಿ ಬಾಯಿ ಬಿಟ್ಟಿರುತ್ತವೆ. ಅಲ್ಲಿ ಇನ್ನಷ್ಟು ಉಪ್ಪು ಸೇರುತ್ತದೆ. ಇಂಥ ಪಟ್ಟಿ ಮುರಿಯುವುದು ಹೆದ್ದಾರಿಯ ಗುಂಡಿಯಲ್ಲಿ, ದೋಣಿ ಮೇಲಿರುವಾಗ. ಮನೆಯ ಮುಂದೆ ನಿಂತಾಗ ಅಲ್ಲ. ನನಗೆ ಈ ವಿಷಯದಲ್ಲಿ ಇಷ್ಟು ಕಾಳಜಿ ಇರುವುದು ಅದಕ್ಕೇ.

ಬ್ರೇಕ್ ಕ್ಯಾಲಿಪರ್ (ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಭಾಗ) ಕೂಡ ಹಾಗೇ. ಅದು ಎರಡು ಪಿನ್ನುಗಳ ಮೇಲೆ ಜಾರಬೇಕು. ಪಿನ್ನಿನಲ್ಲಿ ಉಪ್ಪು ಕಟ್ಟಿದರೆ ಒಂದು ಕಡೆಯ ಪ್ಯಾಡ್ ಮಾತ್ರ ಒತ್ತುತ್ತದೆ, ಇಲ್ಲವೇ ಒತ್ತಿದ್ದು ಬಿಡುವುದೇ ಇಲ್ಲ, ಹಬ್ (ಬೇರಿಂಗ್ ಇರುವ, ಚಕ್ರದ ನಡುಭಾಗ) ಕಾದು ಬಿಸಿಯಾಗುತ್ತದೆ. ಆಸ್ಟ್ರೇಲಿಯಾದಲ್ಲಿ ಟ್ರೇಲರಿನ ಚಕ್ರಗಳ ಮೇಲೆ ಬೀಳುವ ತೂಕ 750 ಕೆ.ಜಿ. ದಾಟಿದರೆ ಬ್ರೇಕು ಕಡ್ಡಾಯ. ನಿಮ್ಮ ದೋಣಿ, ಎಂಜಿನ್, ಪೆಟ್ರೋಲ್ ಎಲ್ಲ ಸೇರಿದರೆ ಅದನ್ನು ದಾಟಿಯೇ ಇರುತ್ತದೆ. ಬ್ರೇಕು ಇದ್ದೂ ಹಿಡಿಯದ ಟ್ರೇಲರನ್ನು ರಸ್ತೆಗೆ ತರಬಾರದು.

ಈಗ ಕಿಟ್ ವಿಚಾರ. ಚೌಕಟ್ಟಿನ ಉದ್ದಕ್ಕೂ ಇಪ್ಪತ್ತು ನಾಜಲ್ ಹಾಕಿ 40 ಲೀಟರ್ ನೀರು ಬಿಟ್ಟರೆ ಎಲ್ಲ ಕಡೆಯೂ ತುಸು ತುಸು ಒದ್ದೆಯಾಗುತ್ತದೆ, ಎಲ್ಲಿಯೂ ತೊಳೆದಂತಾಗುವುದಿಲ್ಲ. ಒಂದು ಬದಿಗೆ ಮೂರು, ಒಟ್ಟು ಆರು ನಾಜಲ್ ಸಾಕು. ಒಂದು ಡಿಸ್ಕಿನ ಒಳಬದಿಯಿಂದ ಕ್ಯಾಲಿಪರ್ ಪಿನ್ನುಗಳ ಕಡೆಗೆ, ಒಂದು ಯು-ಬೋಲ್ಟ್ ಹತ್ತಿರ ಸ್ಪ್ರಿಂಗ್ ಆಕ್ಸಲಿಗೆ ಕೂರುವ ಜಾಗಕ್ಕೆ, ಇನ್ನೊಂದು ಸ್ಪ್ರಿಂಗಿನ ಹಿಂದಿನ ತುದಿ ಜಾರುವ ಕಡೆಗೆ. ಕ್ಯಾರವಾನ್ ಅಂಗಡಿಗಳಲ್ಲಿ ಸಿಗುವ 12 ವೋಲ್ಟ್ ಡಯಾಫ್ರಾಮ್ ಪಂಪು ನಿಮಿಷಕ್ಕೆ 10–12 ಲೀಟರ್ ಕೊಡುತ್ತದೆ. ಆರು ನಾಜಲಿಗೆ ಹಂಚಿದರೆ ಒಂದೊಂದಕ್ಕೂ ಸುಮಾರು ಎರಡು ಲೀಟರ್. 40 ಲೀಟರ್ ಮೂರೂವರೆ ನಿಮಿಷ ಬರುತ್ತದೆ.

ಆ ನೀರನ್ನು ಒಂದೇ ಸಲಕ್ಕೆ ಸುರಿಯಬೇಡಿ. ಅರ್ಧ ಬಿಟ್ಟು ನಿಲ್ಲಿಸಿ, ದೋಣಿಗೆ ಬೆಲ್ಟ್ ಬಿಗಿಯುವ ಕೆಲಸ ಮಾಡಿಕೊಳ್ಳಿ, ಐದು ನಿಮಿಷ ಬಿಟ್ಟು ಉಳಿದರ್ಧ ಬಿಡಿ. ಮೊದಲ ತೊಳೆತದಲ್ಲಿ ಹತ್ತರಲ್ಲಿ ಒಂದು ಪಾಲು ಉಪ್ಪು ಸಂದಿನಲ್ಲಿ ಉಳಿದರೆ, ಎರಡನೆಯದರಲ್ಲಿ ಅದರ ಹತ್ತರಲ್ಲಿ ಒಂದು ಪಾಲಷ್ಟೇ ಉಳಿಯುತ್ತದೆ. ಅಷ್ಟೇ ನೀರಿನಲ್ಲಿ ಕೆಲಸ ಎಷ್ಟೋ ಪಾಲು ಉತ್ತಮವಾಗುತ್ತದೆ.

ಟ್ಯಾಂಕು ಕಾರಿನಲ್ಲಿರಲಿ ಎಂದೆನಲ್ಲ, ಕಾರಣ ಇದೆ. ಟ್ರೇಲರಿನ ಮೇಲಿನ ಟ್ಯಾಂಕು, ಪಂಪು ಎರಡೂ ಪ್ರತಿ ಸಲ ಸಮುದ್ರದಲ್ಲಿ ಮುಳುಗುತ್ತವೆ ಅಥವಾ ಅಲೆಯ ಎರಚಲು ತಿನ್ನುತ್ತವೆ. ತುಕ್ಕು ತೊಳೆಯಲು ತಂದ ಪಂಪಿಗೇ ಮೊದಲು ತುಕ್ಕು. ಗಾಳಿ ಹೋಗುವ ಕಂಡಿಯಿಂದ ಉಪ್ಪುನೀರು ಒಳಗೆ ಸೇರಿದರೆ ನೀವು ಉಪ್ಪುನೀರಿನಲ್ಲೇ ತೊಳೆದಂತೆ. ಮೇಲಾಗಿ 40 ಲೀಟರ್ ಅಂದರೆ 40 ಕೆ.ಜಿ., ಅದು ಟ್ರೇಲರಿನ ಅನುಮತಿಸಿದ ತೂಕದಲ್ಲಿ ಲೆಕ್ಕಕ್ಕೆ ಬರುತ್ತದೆ, ಆಕ್ಸಲಿನ ಮುಂದೆ ಕೂರಿಸಿದರೆ ಕಾರಿನ ಕೊಕ್ಕೆಯ ಮೇಲಿನ ಭಾರವೂ ಏರುತ್ತದೆ. ಮನೆಯಲ್ಲಿ 20 ಲೀಟರಿನ ಎರಡು ಕ್ಯಾನು ತುಂಬಿಸಿ, ಡಿಕ್ಕಿಯಲ್ಲಿ ಬೆಲ್ಟ್ ಹಾಕಿ ಭದ್ರವಾಗಿ ಕಟ್ಟಿ (ಸಡಿಲ ಬಿಟ್ಟರೆ ಬ್ರೇಕ್ ಹೊಡೆದಾಗ ಅಪಾಯ). ಪಂಪನ್ನು ಒಂದು ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಕೂರಿಸಿ, ಕಾರಿನ ಬ್ಯಾಟರಿಯಿಂದ ಕರೆಂಟು ತರುವ ಆಂಡರ್ಸನ್ ಪ್ಲಗ್‌ನಿಂದ ಫ್ಯೂಸ್ ಹಾಕಿ ಕರೆಂಟು ಕೊಡಿ. ಟ್ರೇಲರಿನ ಮೇಲೆ ಇರಬೇಕಾದದ್ದು ಪೈಪು, ನಾಜಲ್ ಮತ್ತು ಮುಂಭಾಗದಲ್ಲಿ ತಟ್ಟನೆ ಸಿಕ್ಕಿಸುವ ಒಂದು ಕನೆಕ್ಟರ್, ಅದಕ್ಕೊಂದು ಮುಚ್ಚಳ. ತೋಟದ ಹನಿ ನೀರಾವರಿಯ ತೆಳು ಪೈಪು ಅಗ್ಗ, ಆದರೆ ಈ ಪಂಪಿನ ಒತ್ತಡಕ್ಕೆ ಜೋಡಣೆಗಳು ಕಿತ್ತು ಬರುತ್ತವೆ. ನೂಲು ಹೆಣೆದ ಪೈಪನ್ನೇ ತನ್ನಿ. ನಾಜಲ್ ಹಿತ್ತಾಳೆಯದು ಬೇಡ. ಸತುವಿಗೆ ತಾಗಿಕೊಂಡು ಉಪ್ಪುನೀರಿನಲ್ಲಿ ಒದ್ದೆಯಾದರೆ ಹಿತ್ತಾಳೆ ಉಳಿದು ಸುತ್ತಲಿನ ಸತು ಕರಗುತ್ತದೆ. ಪ್ಲಾಸ್ಟಿಕ್ ನಾಜಲ್ ಸಾಕು.

ನಾಜಲ್ ಕಟ್ಟಿಕೊಳ್ಳುವುದು ಈ ಕಿಟ್ಟುಗಳ ದೊಡ್ಡ ಕಾಟ. ಮರಳು, ಕೆಸರು ಇದ್ದೇ ಇದೆ. ಅದಕ್ಕಿಂತ ಹೆಚ್ಚು ಕಾಟ ಕಣಜಗಳದ್ದು. ಸಣ್ಣ ರಂಧ್ರ ಕಂಡರೆ ಮಣ್ಣು ತಂದು ಗೂಡು ಕಟ್ಟುತ್ತವೆ. ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಕೀಹೋಲ್ ಕಣಜಗಳು ನಿಂತ ವಿಮಾನಗಳ ವೇಗ ಅಳೆಯುವ ಕೊಳವೆಗಳಲ್ಲೇ ಗೂಡು ಕಟ್ಟಿ ಗಂಭೀರ ತೊಂದರೆ ಮಾಡಿವೆ ಅಂದಮೇಲೆ ಯಾರ್ಡಿನಲ್ಲಿ ನಿಂತ ಟ್ರೇಲರ್ ಯಾವ ಲೆಕ್ಕ? ಯಾರ್ಡ್ ಬಿಡುವ ಮೊದಲು ಅರ್ಧ ನಿಮಿಷ ಪಂಪು ಹಾಕಿ, ಬಗ್ಗಿ ಆರೂ ನಾಜಲ್ ಚಿಮ್ಮುತ್ತಿದೆಯೇ ಎಂದು ಕಣ್ಣಾರೆ ನೋಡಿಕೊಳ್ಳಿ.

ಇದರ ಒತ್ತಡ ಕಡಿಮೆ, ಪ್ರೆಷರ್ ವಾಷರ್‌ನಂತೆ ಹೊಡೆಯುವುದಿಲ್ಲ ಎಂಬ ದೂರು ಕೇಳುತ್ತೀರಿ. ನನ್ನ ದೃಷ್ಟಿಯಲ್ಲಿ ಅದೇ ಇದರ ಗುಣ. ಪ್ರೆಷರ್ ವಾಷರನ್ನು ಹಬ್ಬಿನ ಹತ್ತಿರ ಹಿಡಿದರೆ ನೀರು ಸೀಲ್ ದಾಟಿ ಬೇರಿಂಗಿಗೇ ನುಗ್ಗುತ್ತದೆ. ಚೌಕಟ್ಟನ್ನು ತೊಳೆಯಲು ಮನೆಗೆ ಹೋಗುವ ದಾರಿಯಲ್ಲಿ ದೋಣಿ ಹಿಡಿಸುವಷ್ಟು ಎತ್ತರದ ಬೇ (ತೊಳೆಯುವ ಅಂಕಣ) ಇರುವ ಸೆಲ್ಫ್ ಸರ್ವೀಸ್ ಕಾರ್ ವಾಷಿಗೆ ಹೋಗಿ, ಪೆಟ್ಟಿಗೆಯಾಕಾರದ ಪೈಪುಗಳ ತೆರೆದ ತುದಿಗಳಿಂದ ಒಳಕ್ಕೂ ನೀರು ಹಾಯಿಸಿ. ಗನ್ನನ್ನು ಹಬ್ಬಿನಿಂದ ದೂರ ಹಿಡಿಯಿರಿ.

ಇಂಟರ್ನೆಟ್ಟಿನಲ್ಲಿ ಹಲವರು ವಿನೆಗರ್ ಬೆರೆಸಿ ತೊಳೆಯಿರಿ, ಉಪ್ಪು ಬಿಡುತ್ತದೆ ಎನ್ನುತ್ತಾರೆ. ದಯವಿಟ್ಟು ಬೇಡ. ಸತು ನೆಮ್ಮದಿಯಾಗಿರುವುದು ಪಿ.ಎಚ್. ಸುಮಾರು 6ರಿಂದ 12.5ರ ಒಳಗೆ. ಆಮ್ಲ ಹಾಕಿದರೆ ಉಪ್ಪಿನ ಜೊತೆ ಸತುವೂ ಹೋಗುತ್ತದೆ. ಉಪ್ಪು ನೀರಿನಲ್ಲಿ ಕರಗುವ ವಸ್ತು, ಸಾಕಷ್ಟು ಸಿಹಿನೀರು ಬೇಗ ತಲುಪಿದರೆ ಸಾಕು. ಅದರ ಮೇಲೆ ಕುರಿಯ ಉಣ್ಣೆಯಿಂದ ತೆಗೆದ ಲ್ಯಾನೊಲಿನ್ ಸ್ಪ್ರೇಯನ್ನು ಸ್ಪ್ರಿಂಗು, ಯು-ಬೋಲ್ಟುಗಳಿಗೆ, ಪೈಪಿನ ಒಳಮೈಗೆ ಒಣಗಿದ ಮೇಲೆ ಹೊಡೆಯಿರಿ. ಅದು ನೀರನ್ನು ದೂರ ಇಡುತ್ತದೆ. ಡಿಸ್ಕಿಗೆ, ಪ್ಯಾಡಿಗೆ ಒಂದು ಹನಿಯೂ ತಾಗಬಾರದು, ಬ್ರೇಕ್ ಹಿಡಿಯುವುದಿಲ್ಲ.

ತೊಳೆದ ಮೇಲೆ ರ‍್ಯಾಂಪಿನಿಂದ ಹೊರಟ ಮೊದಲ ಕಿಲೋಮೀಟರಿನಲ್ಲಿ ನಾಲ್ಕೈದು ಸಲ ಮೆತ್ತಗೆ ಬ್ರೇಕ್ ಹಿಡಿಯಿರಿ, ಡಿಸ್ಕ್ ಕಾದು ಒಣಗುತ್ತದೆ. ಯಾರ್ಡಿನಲ್ಲಿ ನಿಲ್ಲಿಸುವಾಗ ಟ್ರೇಲರಿನ ಹ್ಯಾಂಡ್‌ಬ್ರೇಕ್ ಎಳೆದು ಬಿಡಬೇಡಿ, ಪ್ಯಾಡ್ ಡಿಸ್ಕಿಗೆ ತುಕ್ಕಿನಿಂದ ಅಂಟಿಕೊಳ್ಳುತ್ತದೆ. ಚಕ್ರಕ್ಕೆ ಮುಂದೆ ಹಿಂದೆ ಅಡೆಗಟ್ಟೆ ಇಟ್ಟರೆ ಆಯಿತು.

ಬೇರಿಂಗಿಗೆ ಮಾತ್ರ ಈ ಕಿಟ್ಟಿನಿಂದ ಯಾವ ಉಪಕಾರವೂ ಇಲ್ಲ. ಒಂದು ಗಂಟೆ ಓಡಿ ಬಂದ ಹಬ್ ಬಿಸಿಯಿರುತ್ತದೆ. ತಕ್ಷಣ ತಣ್ಣೀರಿಗೆ ಇಳಿಸಿದರೆ ಒಳಗಿನ ಗಾಳಿ ಕುಗ್ಗಿ ಸೀಲಿನ ಸಂದಿನಿಂದ ಸಮುದ್ರದ ನೀರನ್ನು ಎಳೆದುಕೊಳ್ಳುತ್ತದೆ. ರ‍್ಯಾಂಪಿಗೆ ಬಂದ ಮೇಲೆ ಬೆಲ್ಟ್ ಬಿಚ್ಚುವುದು, ಸಾಮಾನು ತುಂಬುವುದು ಮಾಡಿಕೊಳ್ಳಿ. ಹಬ್ ಮೇಲೆ ಕೈ ಇಟ್ಟು ತಣ್ಣಗಾಗಿದೆ ಅನಿಸಿದ ಮೇಲೆ ಇಳಿಸಿ. ರೋಲರ್ ಇರುವ ಟ್ರೇಲರ್ ಆದರೆ ಹಬ್ ಮುಳುಗಿಸದೆಯೇ ದೋಣಿ ಇಳಿಸಲು ಅಭ್ಯಾಸ ಮಾಡಿ. ವರ್ಷಕ್ಕೊಮ್ಮೆ ಬೇರಿಂಗ್ ಬಿಚ್ಚಿಸಿ ಮರೈನ್ ಗ್ರೀಸ್ ತುಂಬಿಸಲೇಬೇಕು. ತೆಗೆದ ಗ್ರೀಸ್ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಹೋಗಿದೆ ಎಂದರ್ಥ, ಸೀಲ್ ಬದಲಿಸಿ.

ಕೊಲ್ಲಿಯ ಪಕ್ಕದಲ್ಲೇ ಮನೆಯಿದ್ದು, ಅಂಗಳದಲ್ಲಿ ನಲ್ಲಿ ಇರುವವರು ಇದೇ ಪ್ರಶ್ನೆ ಕೇಳಿದ್ದರೆ ಕಿಟ್ ಬೇಡ, ಸಾದಾ ಪೈಪು ಹಿಡಿದು ಚಕ್ರದ ಒಳಗಿನಿಂದ ನಿಧಾನವಾಗಿ ತೊಳೆಯಿರಿ ಎನ್ನುತ್ತಿದ್ದೆ.

ನೀವು ಕಿಟ್ ಕೊಳ್ಳುವ ಮೊದಲು ಒಂದು ಕೆಲಸ ಮಾಡಿ. ಟ್ರೇಲರಿಗೆ ಜಾಕ್ ಕೊಟ್ಟು, ಸ್ಟ್ಯಾಂಡ್ ಇಟ್ಟು ಚಕ್ರ ಬಿಚ್ಚಿ. ಕ್ಯಾಲಿಪರನ್ನು ಕೈಯಲ್ಲಿ ಆಚೀಚೆ ಅಲ್ಲಾಡಿಸಿದರೆ ಪಿನ್ನಿನ ಮೇಲೆ ಸರಿಯುತ್ತದೆಯೇ, ಸ್ಪ್ರಿಂಗ್ ಪಟ್ಟಿಗಳ ತುದಿ ಬಾಯಿ ಬಿಟ್ಟಿದೆಯೇ ನೋಡಿ. ಈಗಾಗಲೇ ಹಿಡಿದುಕೊಂಡ ಕ್ಯಾಲಿಪರನ್ನು ಎಷ್ಟು ತೊಳೆದರೂ ಬಿಡಿಸಲಾಗದು, ಅದನ್ನು ಮೊದಲು ಸರಿ ಮಾಡಿಸಬೇಕು. ಎರಡೂ ಬದಿಯ ಫೋಟೋ ಇಲ್ಲಿ ಹಾಕಿದರೆ ನಾಜಲ್ ಎಲ್ಲಿ ಕೂರಿಸಬಹುದು ಎಂದು ಗುರುತು ಹಾಕಿ ತೋರಿಸುತ್ತೇನೆ.