ಗುಲಾಬಿಗೆ ಕತ್ತರಿ ಹಾಕಿ, ಹೆದರಬೇಡಿ

ಪ್ರಶ್ನೆ: ಅಕ್ಕ, ಎರಡು ವರ್ಷದ ಹಿಂದೆ ಬಿಳಿ ಐಸ್‌ಬರ್ಗ್ ಗುಲಾಬಿ ತಂದು ಮನೆ ಮುಂದೆ ನೆಲದಲ್ಲೇ ನೆಟ್ಟೆವು. ವರ್ಷವಿಡೀ ಹೂ ಬಿಡುತ್ತದೆ ಅಂದಿದ್ದರು. ಮೊದಲ ವರ್ಷ ಗೊಂಚಲು ಗೊಂಚಲಾಗಿ ಬಿಟ್ಟಿತು. ಈಗ ಎದೆಯೆತ್ತರ ಬೆಳೆದಿದೆ, ತುದಿಯಲ್ಲಿ ಎರಡೋ ಮೂರೋ ಹೂ ಅಷ್ಟೆ. ಚಿಗುರೆಲೆ ಹಳದಿಯಾಗುತ್ತಿದೆ. ದಿನಾ ಪೂಜೆಗೆ ಹೂ ಕೀಳುತ್ತೇವೆ. ಗಿಡ ಸವರೋಣ ಅಂದರೆ, ಹೂ ಬಿಡುವ ಗಿಡಕ್ಕೆ ಕತ್ತರಿ ಹಾಕಬಾರದು ಅನ್ನುತ್ತಾರೆ ಅತ್ತೆ. ನೀರು ಬೋರ್‌ವೆಲ್ಲಿನದು. ಬುಡಕ್ಕೆ ಮಂಡಕ್ಕಿ ಭಟ್ಟಿಯ ಬೂದಿ ಹಾಕುತ್ತಿದ್ದೇವೆ.
— ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ಗಿಡಕ್ಕೆ ರೋಗವೇನೂ ಇಲ್ಲ ತಂಗಿ. ಅದಕ್ಕೆ ಹೊಸ ಕಡ್ಡಿ ಬೇಕು.

ಯುರೋಪಿನ ಹಳೇ ಗುಲಾಬಿಗಳಲ್ಲಿ ಬಹುಪಾಲು ವರ್ಷಕ್ಕೆ ಒಂದೇ ಸಲ ಹೂ ಬಿಡುತ್ತಿದ್ದವು. 18ನೇ ಶತಮಾನದ ಕೊನೆಯ ಹೊತ್ತಿಗೆ ಚೀನಾದ ಗುಲಾಬಿಗಳು ಅಲ್ಲಿಗೆ ಹೋದವು. ಮತ್ತೆ ಮತ್ತೆ ಹೂ ಬಿಡುವ ಗುಣ ಬಂದಿದ್ದು ಅವುಗಳ ಜೊತೆ ಬೆರೆತ ಮೇಲೆ. 1958ರಲ್ಲಿ ಜರ್ಮನಿಯ ಕೋರ್ಡೆಸ್ ನರ್ಸರಿಯಿಂದ ಬಂದ ನಿಮ್ಮ ಐಸ್‌ಬರ್ಗ್‌ನಲ್ಲೂ ಆ ಗುಣ ಇದೆ. ಇಂಥ ಗಿಡ ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಚಿಗುರು ಒಡೆಯದಿದ್ದರೆ ಹೂ ಎಲ್ಲಿಂದ ಬರಬೇಕು?

ಪೂಜೆಗೆ ಕೀಳುವಾಗ ಹೂವನ್ನಷ್ಟೇ ಚಿವುಟುತ್ತೀರಿ, ಅಲ್ವಾ? ಆಗ ಉಳಿದ ಮೋಟು ತುದಿಯಿಂದ ಬರುವ ಚಿಗುರು ನೂಲಿನಂತೆ ಸಣ್ಣಗಿರುತ್ತದೆ. ಗಿಡ ಮೇಲಕ್ಕೇ ಹೋಗುತ್ತದೆ, ಹೂ ಕಡಿಮೆಯಾಗುತ್ತದೆ. ಇನ್ನು ಮುಂದೆ ಕಡ್ಡಿ ಸಮೇತ ಕತ್ತರಿಸಿ. ತುದಿಯಿಂದ ಕೆಳಗೆ ನೋಡುತ್ತಾ ಬನ್ನಿ. ಐದು ಎಲೆಗಳಿರುವ ಮೊದಲ ಗಟ್ಟಿ ಗರಿ ಸಿಗುತ್ತದೆ. ಅದರ ಕಂಕುಳಲ್ಲಿ ಹೊರಗೆ ಮುಖ ಮಾಡಿದ ಕಣ್ಣು, ಅಂದರೆ ಚಿಗುರೊಡೆಯುವ ಗುಬ್ಬಿ, ಇರಬೇಕು. ಅದರ ಮೇಲೆ ಕಾಲಿಂಚು ಬಿಟ್ಟು ಓರೆಯಾಗಿ ಕತ್ತರಿಸಿ. ಆರೇಳು ವಾರದಲ್ಲಿ ಅಲ್ಲೇ ಹೂ ನೋಡುತ್ತೀರಿ. ದೇವರಿಗೂ ಹೂ ಸಿಕ್ಕಿತು, ಗಿಡವನ್ನೂ ಸವರಿದ ಹಾಗಾಯಿತು. ಅತ್ತೆಯವರಿಗೆ ಇದನ್ನೇ ಹೇಳಿ. ಅವರ ಕೈಗೇ ಕತ್ತರಿ ಕೊಟ್ಟರೆ ಇನ್ನೂ ಒಳ್ಳೆಯದು. ಬಾಡಿದ ಹೂವನ್ನೂ ಹಾಗೇ ತೆಗೆಯಿರಿ. ಕಾಯಿ ಕಟ್ಟಲು ಬಿಟ್ಟರೆ ಗಿಡದ ಶಕ್ತಿಯೆಲ್ಲ ಅದಕ್ಕೇ ಹೋಗುತ್ತದೆ.

ದೊಡ್ಡ ಸವರುವಿಕೆ ವರ್ಷಕ್ಕೊಮ್ಮೆ, ಮಳೆ ಇಳಿದ ಮೇಲೆ ಅಕ್ಟೋಬರ್‌ನಲ್ಲಿ. ಒಣಗಿದ್ದು, ಸಣ್ಣದು, ಒಂದಕ್ಕೊಂದು ಉಜ್ಜುವ ಕಡ್ಡಿ ಎಲ್ಲ ತೆಗೆದು, ಉಳಿದದ್ದನ್ನು ಅರ್ಧಕ್ಕೆ ಇಳಿಸಿ. ಕತ್ತರಿಸಿದ ಕಡೆ ಕಾಪರ್ ಆಕ್ಸಿಕ್ಲೋರೈಡ್ ಎಂಬ ಶಿಲೀಂಧ್ರನಾಶಕ ಪುಡಿಯನ್ನು ನೀರಲ್ಲಿ ಕಲಸಿ ಹಚ್ಚಿ. ಇಲ್ಲದಿದ್ದರೆ ಕಡ್ಡಿ ತುದಿಯಿಂದ ಕಪ್ಪಾಗಿ ಒಣಗುತ್ತಾ ಬರುತ್ತದೆ. ಬೇಸಿಗೆಯಲ್ಲಿ ಮಾತ್ರ ಹೀಗೆ ಬೋಳು ಮಾಡಬೇಡಿ, ನಮ್ಮ ಬಿಸಿಲಿಗೆ ಕಡ್ಡಿ ಸುಡುತ್ತದೆ.

ಬೂದಿಯನ್ನು ಇವತ್ತೇ ನಿಲ್ಲಿಸಿ. ಗುಲಾಬಿಗೆ ಸ್ವಲ್ಪ ಹುಳಿ ಮಣ್ಣು ಇಷ್ಟ. ನಿಮ್ಮ ಕಡೆ ಎರೆಮಣ್ಣು ಜಾಸ್ತಿ, ಅದರಲ್ಲಿ ಸುಣ್ಣದ ಅಂಶ ಇರುತ್ತದೆ. ಬೋರ್‌ವೆಲ್ ನೀರು ಗಡಸು. ಅದರ ಮೇಲೆ ಬೂದಿಯೂ ಸೇರಿದರೆ ಮಣ್ಣಲ್ಲಿ ಕಬ್ಬಿಣ ಇದ್ದರೂ ಬೇರು ಹೀರಲಾರದು. ಚಿಗುರೆಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಇದೇ ಕಾರಣ. ಲೀಟರ್ ನೀರಿಗೆ 2 ಗ್ರಾಂ ಅನ್ನಭೇದಿ (ಕಬ್ಬಿಣದ ಲವಣ, ಫೆರಸ್ ಸಲ್ಫೇಟ್), ನಾಲ್ಕು ಹನಿ ನಿಂಬೆರಸ ಹಾಕಿ ಸಂಜೆ ಎಲೆಗೆ ಸಿಂಪಡಿಸಿ. ಹದಿನೈದು ದಿನ ಬಿಟ್ಟು ಮತ್ತೊಮ್ಮೆ. ನಲ್ಲಿಯಲ್ಲಿ ಭದ್ರಾ ನೀರು ಬಂದ ದಿನ ಎರಡು ಕೊಡ ಈ ಗಿಡಕ್ಕೆ ಎತ್ತಿಡಿ.

ಪ್ರತಿ ಸಲ ಹೂ ಮುಗಿದ ಮೇಲೆ ಊಟ ಕೊಡಬೇಕು. ನಾನು ಚಳ್ಳಕೆರೆ ಎಣ್ಣೆ ಮಿಲ್ಲಿನ ಶೇಂಗಾ ಹಿಂಡಿ ತರಿಸುತ್ತೇನೆ. ಒಂದು ಹಿಡಿಯನ್ನು ನಾಲ್ಕು ದಿನ ನೆನೆಸಿ, ಹತ್ತು ಪಟ್ಟು ನೀರು ಸೇರಿಸಿ ಬುಡಕ್ಕೆ ಹಾಕುತ್ತೇನೆ. ಜೊತೆಗೆ ಒಂದು ಬುಟ್ಟಿ ಹಳೇ ಕೊಟ್ಟಿಗೆ ಗೊಬ್ಬರ.

ಇನ್ನೊಂದು ಮಾತು. ಕಾಡು ಗುಲಾಬಿಯ ಬುಡಕ್ಕೆ ಒಳ್ಳೆ ಗುಲಾಬಿಯನ್ನು ಕೂಡಿಸಿದ ಕಸಿ ಗಂಟಿನ ಕೆಳಗಿಂದ ಏನಾದರೂ ಚಿಗುರಿದೆಯಾ ನೋಡಿ. ನಮ್ಮ ಅಮ್ಮನಿಗೆ ಇಷ್ಟವಾದ ಒಂದು ಕೆಂಪು ಗುಲಾಬಿ ನನ್ನ ಹತ್ತಿರ ಇತ್ತು. ಬುಡದಿಂದ ಜೋರಾಗಿ ಒಂದು ಕಡ್ಡಿ ಎದ್ದಾಗ ಗಿಡ ಚೆನ್ನಾಗಿದೆ ಅಂದುಕೊಂಡೆ. ವರ್ಷ ಕಳೆಯುವಷ್ಟರಲ್ಲಿ ಕೆಂಪು ಹೂವಿನ ಟೊಂಗೆಗಳೆಲ್ಲ ಒಣಗಿ, ಆ ಕಾಡು ಕಡ್ಡಿಯೊಂದೇ ಉಳಿಯಿತು. ಅಂಥ ಕೆಂಪು ನನಗೆ ಮತ್ತೆ ಸಿಗಲಿಲ್ಲ. ಗಂಟಿನ ಕೆಳಗಿನ ಚಿಗುರನ್ನು ಕತ್ತರಿಸಿದರೆ ಮತ್ತೆ ಬರುತ್ತದೆ. ಮಣ್ಣು ಸರಿಸಿ, ಹುಟ್ಟಿದ ಜಾಗದಿಂದಲೇ ಕಿತ್ತು ಹಾಕಿ.

ಪ್ರಶ್ನೆ: ಆಷಾಢದಲ್ಲಿ ನಮ್ಮ ಗುಲಾಬಿ ಮೊಗ್ಗಿನ ಅಂಚು ಕಂದಾಗಿ, ಅರಳದೆ ಉದುರುತ್ತದೆ. ಯಾಕೆ?
— ಚಿತ್ರದುರ್ಗದ ಓದುಗರು

ಉತ್ತರ: ಜೋಗಿಮಟ್ಟಿ ಬೆಟ್ಟದ ಮೇಲೆ ಗಾಳಿಯಂತ್ರ ತಿರುಗಿಸುವ ಗಾಳಿಯೇ ನಮ್ಮ ಅಂಗಳಕ್ಕೂ ಬರುವುದು. ಎಳೇ ಮೊಗ್ಗಿನ ಪಸೆಯನ್ನು ಅದು ಹೀರಿಬಿಡುತ್ತದೆ. ಬುಡಕ್ಕೆ ಮೂರು ಬೆರಳು ದಪ್ಪ ಶೇಂಗಾ ಸಿಪ್ಪೆ ಹರಡಿ, ಬೆಳಿಗ್ಗೆ ಬುಡಕ್ಕಷ್ಟೇ ನೀರು ಹಾಕಿ. ಗಾಳಿ ಬರುವ ದಿಕ್ಕಿಗೆ ಹಸಿರು ನೆಟ್ ಕಟ್ಟಿ. ಒಂದು ಮೊಗ್ಗನ್ನು ಬಿಳಿ ಕಾಗದದ ಮೇಲೆ ಕೊಡವಿ ನೋಡಿ. ಸಣ್ಣ ಹುಳ ಹರಿದಾಡಿದರೆ ಅದು ಥ್ರಿಪ್ಸ್. ಆಗ ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಸ್ವಲ್ಪ ಸೋಪಿನ ನೀರು ಬೆರೆಸಿ ವಾರಕ್ಕೊಮ್ಮೆ ಸಂಜೆ ಹೊಡೆಯಿರಿ.