ಎರಡು ರಿಪೋರ್ಟು, ಒಂದೇ ಗಂಟು

ಪ್ರಶ್ನೆ: ಅಮ್ಮನಿಗೆ 58 ವರ್ಷ. ಮೇಲ್ದುಟಿಯ ಪಕ್ಕ ಆರು ವರ್ಷದಿಂದ ಗಟ್ಟಿಯಾಗಿ ಏನೋ ಇತ್ತು. ನೋವಿಲ್ಲ ಅಂತ ಸುಮ್ನಿದ್ದೆವು. ಹೋದ ವರ್ಷ ಮೇಲುಮೇಲೆ ಕೆರೆದು ಬಯಾಪ್ಸಿ ಮಾಡಿ, ಬೆವರು ನಾಳದ ಸಾಧಾರಣ ಗಂಟು, 'ಸಿರಿಂಗೋಮಾ' ಎಂದರು. ಈ ಸಲ ಹೊಲಿಗೆ ಹಾಕುವಷ್ಟು ಆಳಕ್ಕೆ ತೆಗೆದು 'ಮೈಕ್ರೋಸಿಸ್ಟಿಕ್ ಅಡ್ನೆಕ್ಸಲ್ ಕಾರ್ಸಿನೋಮಾ' ಎಂಬ ಕ್ಯಾನ್ಸರ್ ಅಂತಿದ್ದಾರೆ. ಯಾವುದನ್ನು ನಂಬಲಿ ಡಾಕ್ಟ್ರೇ?
— ಓದುಗ, ಮುಳಬಾಗಿಲು

ಉತ್ತರ: ಹೊಲಿಗೆಯ ಮಾತು ಬರೆದದ್ದು ಒಳ್ಳೆಯದಾಯಿತು, ಈ ಸಲದ ಚೂರು ಆಳದಿಂದ ಬಂದಿದೆ ಅಂತ ಅದರಿಂದಲೇ ಗೊತ್ತಾಯಿತು. ಎರಡನೆಯದನ್ನು ನಂಬಿ. ಮೊದಲನೆಯದನ್ನು ಬರೆದವರನ್ನು ಬೈಯಬೇಡಿ. ಸ್ಲೈಡ್ ನೋಡುವುದೇ ನನ್ನ ಕೆಲಸ. ನಮ್ಮಂಥವರನ್ನು ಏಮಾರಿಸುವುದರಲ್ಲಿ ಈ ಕಾಯಿಲೆ ಪಳಗಿದೆ. ಇದಕ್ಕೆ ಈ ಹೆಸರು ಬಂದದ್ದೇ 1982ರಲ್ಲಿ.

ರಾಗಿ ಹೊಲದಲ್ಲಿ ಗರಿಕೆ ಕಿತ್ತಿದ್ದೀರಿ ಅಲ್ವಾ? ಮೇಲಿನ ಎಲೆ ಚಿವುಟಿ ತಂದು ತೋರಿಸಿದರೆ, ಬೇರು ಎಲ್ಲಿವರೆಗೆ ಹೋಗಿದೆ ಅಂತ ಯಾರು ಹೇಳಬಲ್ಲರು? ಮೇಲ್ಪದರದ ಚೂರಿನಲ್ಲಿ ಕಾಣುವುದು ಕೆರಾಟಿನ್ (ಉಗುರು, ಕೂದಲಲ್ಲಿರುವ ಗಟ್ಟಿ ಪ್ರೋಟೀನು) ತುಂಬಿದ ಪುಟ್ಟ ಪುಟ್ಟ ಚೀಲಗಳು, ಸಣ್ಣ ನಾಳಗಳು. ಕೆಲವಕ್ಕೆ ಗೊದಮೊಟ್ಟೆಯ ಹಾಗೆ ಬಾಲ ಬೇರೆ. ಸಿರಿಂಗೋಮಾದಲ್ಲೂ ಹೆಚ್ಚುಕಮ್ಮಿ ಇದೇ ಚಿತ್ರ. ಜೀವಕೋಶಗಳೆಲ್ಲ ಒಂದೇ ಅಳತೆ. ಇಬ್ಭಾಗವಾಗುತ್ತಿರುವ ಕೋಶ ಹುಡುಕಿದರೂ ಸಿಗುವುದು ಅಪರೂಪ. ಕ್ಯಾನ್ಸರ್ ಕೋಶ ಎಂದರೆ ಅಡ್ಡಾದಿಡ್ಡಿ ಇರಬೇಕು ಅಂತ ಓದಿಕೊಂಡು ಬಂದವರಿಗೆ ಇವು ತೀರಾ ಸಾಧು.

ಆಳಕ್ಕೆ ಇಳಿದಂತೆ ಚೀಲಗಳು ಕಮ್ಮಿಯಾಗುತ್ತವೆ. ಒಂದೆರಡು ಕೋಶ ದಪ್ಪದ ಎಳೆಗಳು ಗಟ್ಟಿ ನಾರಿನ ಮಧ್ಯೆ ನುಸುಳಿ ಕೊಬ್ಬಿಗೂ, ಒಮ್ಮೊಮ್ಮೆ ಸ್ನಾಯುವಿಗೂ ಇಳಿದಿರುತ್ತವೆ. ನರದ ಸುತ್ತ ಆ ಎಳೆ ಕಂಡಿತೋ, ನನ್ನ ಅನುಮಾನ ಅಲ್ಲಿಗೆ ಮುಗಿಯಿತು. ಸಿರಿಂಗೋಮಾ ಆ ಕೆಲಸಕ್ಕೆ ಹೋಗುವುದಿಲ್ಲ. ತುಟಿ ಜೋಮು ಹಿಡಿದ ಹಾಗಾಗುತ್ತಾ ಅಂತ ಅಮ್ಮನನ್ನು ಕೇಳಿ ನೋಡಿ. ನರಕ್ಕೆ ತಗುಲಿದ್ದರೆ ಹಾಗಾಗುತ್ತದೆ.

ಇದು ನಿಧಾನಕ್ಕೆ ಬೆಳೆಯುವಂಥದ್ದು. ದೂರದ ಅಂಗಗಳಿಗೆ ಹರಡುವುದು ಬಹಳ ಕಮ್ಮಿ. ತೊಂದರೆ ಏನೆಂದರೆ ಕಣ್ಣಿಗೆ ಕಾಣುವುದಕ್ಕಿಂತ ಜಾಸ್ತಿ ಅಗಲ ಇರುತ್ತದೆ, ಚೂರು ಉಳಿದರೂ ಅಲ್ಲೇ ಮತ್ತೆ ಬರುತ್ತದೆ. ಪದರ ಪದರವಾಗಿ ಕತ್ತರಿಸಿ, ಅಂಚನ್ನು ಆಗಿಂದಾಗಲೇ ಮೈಕ್ರೋಸ್ಕೋಪಿನಲ್ಲಿ ನೋಡಿ, ಪೂರ್ತಿ ಚೊಕ್ಕಟವಾಗುವ ತನಕ ಮುಂದುವರಿಸುವ 'ಮೋಸ್' ಸರ್ಜರಿ ಇದೆ. ಹೆಸರು ಕೇಳಿ ಗಾಬರಿಯಾಗಬೇಡಿ, ಕಂಡುಹಿಡಿದ ಡಾಕ್ಟರ ಹೆಸರು ಅದು! ಬೆಂಗಳೂರಿಗೆ ಹೋದಾಗ ವಿಚಾರಿಸಿ.

ಹೊರಡುವ ಮುಂಚೆ ಎರಡೂ ಸಲದ ಸ್ಲೈಡು, ತೆಗೆದ ಚೂರನ್ನು ಹುದುಗಿಸಿಟ್ಟ ಮೇಣದ ಬ್ಲಾಕು ಕೇಳಿ ಇಸ್ಕೊಳ್ಳಿ. ಬರೀ ರಿಪೋರ್ಟ್ ಕಾಗದ ಹಿಡಿದು ಹೋದರೆ ಅಲ್ಲಿನವರು ನೋಡುವುದಾದರೂ ಏನನ್ನು?