ಓದುಗರ ಪ್ರಶ್ನೆ: ಗೆದ್ದವರು ಯಾರ ಕಡೆಯವರು?

ಪ್ರಶ್ನೆ: ನನ್ನ ಮಗಳು ಬರ್ಮಿಂಗ್‌ಹ್ಯಾಮಿನಲ್ಲಿ ಕೆಲಸದಲ್ಲಿದ್ದಾಳೆ. 2025ರ ಜುಲೈನಲ್ಲಿ ಇಂಗ್ಲೆಂಡಿನ ಮಹಿಳೆಯರು ಯೂರೋ ಫುಟ್‌ಬಾಲ್ ಗೆದ್ದಾಗ ಅವಳ ಕಚೇರಿಯ ತುಂಬ ಬಿಳಿಯ ಮೇಲೆ ಕೆಂಪು ಶಿಲುಬೆಯಿರುವ ಬಾವುಟಗಳನ್ನು ಕಟ್ಟಿದ್ದರಂತೆ. ನಮಗೆ ಗೊತ್ತಿರುವ ಬ್ರಿಟನ್ ಬಾವುಟ ಒಂದೂ ಇರಲಿಲ್ಲವಂತೆ. ಪಕ್ಕದ ಮೇಜಿನ ಸ್ಕಾಟ್‌ಲೆಂಡಿನವರು ‘ಅದು ನಮ್ಮ ತಂಡವಲ್ಲ’ ಎಂದು ತಮ್ಮ ಪಾಡಿಗೆ ತಾವಿದ್ದರಂತೆ. ಅದೇ ಅಲ್ಲಿಯ ಹಾಡುಗಾರರು ಅಮೆರಿಕದಲ್ಲಿ ಹೆಸರು ಮಾಡಿದರೆ, ನಟರಿಗೆ ಆಸ್ಕರ್ ಬಂದರೆ, ಇಡೀ ಬ್ರಿಟನ್ನೇ ಗೆದ್ದ ಹಾಗೆ ಹಿಗ್ಗುತ್ತಾರೆ. ಯಾರೋ ಒಬ್ಬರು ಗೆದ್ದದ್ದರಲ್ಲಿ ದೇಶಕ್ಕೆ ಪಾಲು ಎಲ್ಲಿಂದ ಬಂತು?
– ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ಆ ಸ್ಕಾಟ್‌ಲೆಂಡಿನವರು ಹೇಳಿದ್ದರಲ್ಲಿ ತಪ್ಪೇನಿಲ್ಲ. ಯೂರೋ ಮತ್ತು ವಿಶ್ವಕಪ್ ಫುಟ್‌ಬಾಲಿನಲ್ಲಿ ಇಂಗ್ಲೆಂಡ್, ಸ್ಕಾಟ್‌ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್ ಬೇರೆ ಬೇರೆ ತಂಡಗಳು. 1872ರ ನವೆಂಬರ್ 30ರಂದು ಗ್ಲಾಸ್ಗೋದಲ್ಲಿ ನಡೆದ ಮೊತ್ತಮೊದಲ ಅಧಿಕೃತ ಅಂತರರಾಷ್ಟ್ರೀಯ ಪಂದ್ಯವೇ ಇಂಗ್ಲೆಂಡ್ ಮತ್ತು ಸ್ಕಾಟ್‌ಲೆಂಡ್ ನಡುವಿನದು; ಒಂದೂ ಗೋಲಿಲ್ಲದೆ ಮುಗಿದ ಆ ಪೈಪೋಟಿ ಇಂದಿಗೂ ತಣ್ಣಗಾಗಿಲ್ಲ. ಒಲಿಂಪಿಕ್ಸ್ ಬಂತೆಂದರೆ ಮಾತ್ರ ನಾಲ್ವರೂ ಒಂದೇ ಬಾವುಟದಡಿ ಬರುತ್ತಾರೆ. ಟೆನಿಸ್‌ನಲ್ಲಿಯೂ ಹಾಗೆಯೇ: 2013ರಲ್ಲಿ ಆಂಡಿ ಮರ್ರಿ ವಿಂಬಲ್ಡನ್ ಗೆದ್ದಾಗ, 1936ರ ಫ್ರೆಡ್ ಪೆರ್ರಿಯ ನಂತರ 77 ವರ್ಷ ಕಾದಿದ್ದ ಇಂಗ್ಲಿಷರು ಆ ಸ್ಕಾಟ್‌ಲೆಂಡಿನ ಆಟಗಾರನನ್ನು ಬ್ರಿಟಿಷನೆಂದೇ ಅಪ್ಪಿಕೊಂಡರು.

ತಾವು ಕೇಳಿದ ಪಾಲಿನ ಮಾತಿಗೆ ಬರುವುದಾದರೆ, ಒಲಿಂಪಿಕ್ಸ್ ಮಟ್ಟಿಗೆ ಅದಕ್ಕೆ ರೊಕ್ಕದ ಲೆಕ್ಕವೇ ಇದೆ. 1996ರ ಅಟ್ಲಾಂಟಾದಲ್ಲಿ ಬ್ರಿಟನ್ನಿಗೆ ಸಿಕ್ಕಿದ್ದು ಒಂದೇ ಒಂದು ಚಿನ್ನ, ಪದಕಪಟ್ಟಿಯಲ್ಲಿ 36ನೇ ಸ್ಥಾನ. ಆ ಅವಮಾನದ ಮರುವರ್ಷದಿಂದ, 1994ರಲ್ಲಿ ಆರಂಭವಾಗಿದ್ದ ರಾಷ್ಟ್ರೀಯ ಲಾಟರಿಯ ಹಣವನ್ನು ಪದಕದ ಭರವಸೆಯಿದ್ದ ಕ್ರೀಡಾಪಟುಗಳ ತರಬೇತಿಗೆ ಸುರಿದರು. 2012ರ ಲಂಡನ್ನಿನಲ್ಲಿ 29 ಚಿನ್ನದೊಂದಿಗೆ ಮೂರನೇ ಸ್ಥಾನ ಬಂತು. 2016ರ ರಿಯೋದಲ್ಲಿ 27 ಚಿನ್ನವೇ ಬಂದರೂ ಅಮೆರಿಕದ ನಂತರದ ಸ್ಥಾನ ಸಿಕ್ಕಿತು. ಅಂಗಡಿಯಲ್ಲಿ ಲಾಟರಿ ಚೀಟಿ ಕೊಂಡ ಸಾಮಾನ್ಯನೂ ‘ಇದು ನನ್ನದು’ ಎಂದರೆ ಅದು ಪೊಳ್ಳು ಜಂಬವಲ್ಲ.

ಆದರೆ ಹಾಗೆ ಬೆಳೆಸಿದ ಹೆಮ್ಮೆ ನಿರ್ದಯಿಯೂ ಹೌದು. ಬ್ಯಾಡ್ಮಿಂಟನ್ ಎಂಬ ಆಟಕ್ಕೆ ಹೆಸರು ಬಂದಿದ್ದು ಇಂಗ್ಲೆಂಡಿನ ಒಂದು ಜಮೀನ್ದಾರಿ ಮನೆಯಿಂದ. ರಿಯೋದಲ್ಲಿ ಆ ಆಟದ ಪುರುಷರ ಡಬಲ್ಸ್‌ನಲ್ಲಿ ಕಂಚು ಬಂದ ವರ್ಷವೇ, ಮುಂದೆ ಪದಕ ಬರುವ ಲಕ್ಷಣ ಸಾಲದೆಂದು, ಮುಂದಿನ ಒಲಿಂಪಿಕ್ಸ್‌ಗೆ ಅದಕ್ಕೆ ಕೊಡುತ್ತಿದ್ದ ಹಣ ನಿಲ್ಲಿಸಲು ನಿರ್ಧರಿಸಿದರು. ಗಲ್ಲಿಗಲ್ಲಿಯಲ್ಲಿ ಶಟಲ್ ಹೊಡೆಯುವ ನಮ್ಮಂಥವರಿಗೆ ಇದು ಅರಗುವ ಮಾತಲ್ಲ.

ಸಂಗೀತದ ಕಥೆ ಬೇರೆ. ಲಿವರ್‌ಪೂಲಿನ ಬೀಟಲ್ಸ್ ತಂಡದ ಹುಡುಗರು ಜರ್ಮನಿಯ ಹ್ಯಾಂಬರ್ಗಿನ ಕ್ಲಬ್ಬುಗಳಲ್ಲಿ ರಾತ್ರಿಯಿಡೀ ಹಾಡಿ ಪಳಗುತ್ತಿದ್ದಾಗ ಯಾವ ಸರ್ಕಾರವೂ ಅವರತ್ತ ತಿರುಗಿ ನೋಡಿರಲಿಲ್ಲ. 1964ರ ಫೆಬ್ರವರಿಯಲ್ಲಿ ಅಮೆರಿಕದ ಸುಮಾರು 7.3 ಕೋಟಿ ಜನ ಟಿ.ವಿ.ಯಲ್ಲಿ ಆ ತಂಡವನ್ನು ಕಂಡ ಮೇಲೆ, 1965ರಲ್ಲಿ, ಅವರಿಗೆ ಎಂ.ಬಿ.ಇ. ಎಂಬ ಬ್ರಿಟನ್ನಿನ ರಾಜಗೌರವ ಘೋಷಣೆಯಾಯಿತು. ಪಾಪ್ ಹಾಡುಗಾರರಿಗೆ ಅದು ತಕ್ಕದ್ದಲ್ಲವೆಂದು ಹಿಂದೆ ಅದನ್ನು ಪಡೆದಿದ್ದ ಕೆಲವರು ತಮ್ಮ ಪದಕಗಳನ್ನು ಹಿಂದಿರುಗಿಸಿದರು. 1969ರಲ್ಲಿ ತಂಡದವರೇ ಆದ ಜಾನ್ ಲೆನ್ನನ್ ಕೂಡ, ಬೇರೆ ಕಾರಣಗಳಿಗಾಗಿ, ತಮ್ಮದನ್ನು ವಾಪಸು ಕಳಿಸಿದರು. ಬೆಳೆ ಕೊಯ್ಲಿಗೆ ಬಂದ ಮೇಲೆ ಕಣಕ್ಕೆ ಬಂದು ನಿಂತ ದೇಶದ ಪಾಲು ಇಲ್ಲಿ ತೆಳ್ಳಗಿದೆ ಎಂದೇ ನನ್ನ ಅಭಿಪ್ರಾಯ. ಆ ಹೆಮ್ಮೆಯಲ್ಲಿ ಮೊದಲ ಹಕ್ಕು ಲಿವರ್‌ಪೂಲಿನದು, ಆಮೇಲೆ ಬ್ರಿಟನ್ನಿನದು.

ಈ ಅಳತೆಯನ್ನು ತಮ್ಮ ಜಿಲ್ಲೆಗೂ ಹಿಡಿಯಬಹುದು. 2017ರ ಜುಲೈ 23ರಂದು ಲಾರ್ಡ್ಸ್‌ನಲ್ಲಿ ಮಹಿಳಾ ವಿಶ್ವಕಪ್ ಫೈನಲ್. 229 ರನ್ ಬೆನ್ನಟ್ಟಿದ ಭಾರತ 3 ವಿಕೆಟ್‌ಗೆ 191 ಇದ್ದದ್ದು 219ಕ್ಕೆ ಮುಗಿದು, ಇಂಗ್ಲೆಂಡ್ 9 ರನ್‌ಗಳಿಂದ ಗೆದ್ದಿತು. ಅಂದು 35 ರನ್ ಗಳಿಸಿದ ವೇದಾ ಕೃಷ್ಣಮೂರ್ತಿ ಕಡೂರಿನವರು. ‘ನಮ್ಮ ಹುಡುಗಿ’ ಎಂದು ಜಿಲ್ಲೆಯವರು ಹೇಳಿಕೊಳ್ಳುವುದು ಸಹಜವೇ, ಆದರೆ ಆಕೆ ಕ್ರಿಕೆಟ್ ಕಲಿಯಲು ಊರು ಬಿಟ್ಟು ಬೆಂಗಳೂರಿಗೆ ಹೋಗಬೇಕಾಯಿತು ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಬೇಕಾಗುತ್ತದೆ.

ಪ್ರಶ್ನೆ: ಬಾನು ಮುಷ್ತಾಕ್ ಅವರಿಗೆ ಲಂಡನ್ನಿನಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಬಂದದ್ದರಲ್ಲಿ ಬ್ರಿಟಿಷರಿಗೂ ಹೆಮ್ಮೆಪಡಲು ಏನಾದರೂ ಇದೆಯೇ, ಅಥವಾ ಅದು ಪೂರ್ತಿ ನಮ್ಮದೇ?
– ಓದುಗರೊಬ್ಬರು, ಹಾಸನ

ಉತ್ತರ: ಇದೆ. ಆ ಪ್ರಶಸ್ತಿ ಇಂಗ್ಲಿಷಿಗೆ ಅನುವಾದವಾಗಿ ಬ್ರಿಟನ್ ಅಥವಾ ಐರ್ಲೆಂಡಿನಲ್ಲಿ ಪ್ರಕಟವಾದ ಕೃತಿಗೆ ಸಲ್ಲುವಂಥದ್ದು. 2025ರ 50,000 ಪೌಂಡ್ ಬಹುಮಾನವನ್ನು ಬಾನು ಅವರಿಗೂ ಅನುವಾದಕಿ ದೀಪಾ ಭಾಸ್ತಿ ಅವರಿಗೂ ಸಮನಾಗಿ ಹಂಚಲಾಯಿತು. ಪುಸ್ತಕ ತಂದದ್ದು ಶೆಫೀಲ್ಡಿನ ಒಂದು ಸಣ್ಣ ಪ್ರಕಾಶನ ಸಂಸ್ಥೆ. ಹೆಸರು ಬರುವ ಮೊದಲೇ ಕೈ ಹಾಕಿದವರು ಅವರು. ಅವರ ಪಾಲನ್ನು ಹಾಸನದವರು ಧಾರಾಳವಾಗಿ ಒಪ್ಪಿಕೊಳ್ಳಬಹುದು.